ಸೀಮೆಸುಣ್ಣದಲ್ಲಿ ಬರೆದ ಹೆಸರು

ಶಾಲೆಯ ಗೋಡೆಯ ಮೇಲಿನ, ಅಧಿಕಾರಿಗಳ ಹೆಸರಿನ ಫಲಕವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ನೆನೆದ ಸೀಮೆಸುಣ್ಣದ ವಾಸನೆ ಬಂತು. ರಾಜ್ಯದ ಶಿಕ್ಷಣ ಇಲಾಖೆಯ ಆಯುಕ್ತರು ಮತ್ತೆ ಬದಲಾಗಿದ್ದಾರೆ. ಹಳಬರ ಹೆಸರು ಅಳಿಸಿ ಹೊಸಬರದ್ದು ಬರೆಯಬೇಕಿತ್ತು. ಆ ವಾಸನೆಯ ಹಿಂದೆಯೇ ನಮ್ಮ ದೊಡ್ಡ ಟೀಚರ್ ನೆನಪಿಗೆ ಬಂದು ನಿಂತರು...

ಜಾವಳಿಯ ಆಚೆಯ ಈ ಶಾಲೆಗೆ ನಾನು ಹೊಸದಾಗಿ ಸೇರಿದಾಗ ಅವರು ಮುಖ್ಯೋಪಾಧ್ಯಾಯಿನಿ. ಫಲಕದಲ್ಲಿ ಉಳಿದ ಸಾಲುಗಳೆಲ್ಲ ಬಣ್ಣದಲ್ಲಿದ್ದರೆ ಆಯುಕ್ತರ ಹೆಸರು ಮಾತ್ರ ಸೀಮೆಸುಣ್ಣದಲ್ಲಿ. ಕೇಳಿದ್ದಕ್ಕೆ, "ಬಣ್ಣ ಒಣಗೋದ್ರೊಳಗೆ ಇನ್ನೊಬ್ರು ಬಂದಿರ್ತಾರೆ ಮಾರಾಯ್ತಿ," ಎಂದಿದ್ದರು. ಹೀಗೇ ಅಂದರೋ, ಇಷ್ಟು ವರ್ಷ ಹೇಳಿ ಹೇಳಿ ನಾನೇ ಮಾತನ್ನು ನಯ ಮಾಡಿಕೊಂಡಿದ್ದೇನೋ...

ಆ ವರ್ಷದ ಆಯುಕ್ತರು ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ಮುಚ್ಚಿ ದೊಡ್ಡ ಶಾಲೆಗೆ ಸೇರಿಸಲು ಆದೇಶಿಸಿದರು. ನಮ್ಮದು ಬಣಕಲ್ಲಿನ ಶಾಲೆಗೆ. ನಮ್ಮ ಮಕ್ಕಳೆಲ್ಲ ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳವರು. ಬಸ್ಸಿನ ದಾರಿಗೆ ಬರಲು ಹಳ್ಳ ದಾಟಬೇಕು. ಈ ಶಾಲೆ ಮುಚ್ಚಿದರೆ ಚಿಕ್ಕವರು, ಅದರಲ್ಲೂ ಹೆಣ್ಣುಮಕ್ಕಳು, ಮನೆಯಲ್ಲೇ ಉಳಿಯುತ್ತಿದ್ದರು.

ಬೆಂಚು ಸಾಗಿಸಲು ಮೂಡಿಗೆರೆಯಿಂದ ಕಚೇರಿಯವರೊಬ್ಬರು ಬಂದರು.

"ಆರ್ಡರ್ ಬಂದಾಗಿದೆ ಟೀಚರ್."

"ಮಳೆಯೂ ಬಂದಾಗಿದೆ ಸಾರ್. ಬೆಂಚು ನೆನೆದು ಹಾಳಾದ್ರೆ ಜವಾಬ್ದಾರಿ ನಿಮ್ದು ಅಂತ ಬರ್ದು ಕೊಡ್ತೀರಾ?"

ಅವರು ಬರೆದುಕೊಡಲಿಲ್ಲ. ಕಾಫಿ ಕುಡಿದು ಹೋದರು. ಮತ್ತೆ ಬಂದಾಗಲೂ ಅದೇ ಕಾಫಿ, ಅದೇ ಮಳೆ.

"ನಿಮ್ಮೂರ ಮಳೆ ಯಾವಾಗ ಬಿಡ್ತದೆ?"

"ನಿಮ್ಮ ಸಾಹೇಬ್ರು ಇರೋವರೆಗೂ ಬಿಡೋ ಹಾಗೆ ಕಾಣಲ್ಲ." ಅವರಿಗೂ ನಗು ತಡೆಯಲಾಗಲಿಲ್ಲ.

ಮಳೆ ನಿಂತ ದಿನವೇ ಆಯುಕ್ತರಿಗೆ ವರ್ಗವಾಯಿತು ಎನ್ನುತ್ತದೆ ನನ್ನ ನೆನಪು. ಸುಳ್ಳು. ನಡುವೆ ಬಿಸಿಲು ಬಂದಿತ್ತು, ಜೀಪೂ ಬಂದಿತ್ತು. ಎರಡು ಬೆಂಚು ಏರಿಸಿದಾಗ ಟೀಚರ್ ತಡೆಯಲಿಲ್ಲ. ಮಕ್ಕಳನ್ನು ನೆಲದ ಮೇಲೆ ಕೂರಿಸಿ ಮಗ್ಗಿ ಹೇಳಿಸಿದರು.

ಉಳಿದ ಬೆಂಚುಗಳಿಗೆ ಜೀಪು ಮರಳುವ ಮೊದಲೇ ಆಯುಕ್ತರು ಬದಲಾದರು. ಹೊಸಬರು ಆದೇಶವನ್ನು ತಡೆಹಿಡಿದರು. ಸುದ್ದಿ ಬಂದಾಗ ನಾನು ಕುಣಿದೆ. ಟೀಚರ್ ಒದ್ದೆ ಬಟ್ಟೆ ತಂದು ಫಲಕ ಒರೆಸಿದರು. "ಇವ್ರದ್ದೂ ಸೀಮೆಸುಣ್ಣದಲ್ಲೇ ಬರಿ," ಎಂದು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತುಬಿಟ್ಟರು. ಅಷ್ಟು ಹಗುರವಾಗಿ ಅವರು ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಈ ಸಲವೂ ಮುಚ್ಚುವ ಮಾತು ಬಂದಿತ್ತು. ಹೊಸಬರು ಸದ್ಯಕ್ಕೆ ಬೇಡ ಎಂದಿದ್ದಾರೆ. ಎದೆಯ ಮೇಲಿನ ಚಪ್ಪಡಿ ಸರಿದಂತಾಗಿ, ಯಾರಿಗೆ ಮೊದಲು ಹೇಳಲಿ ಎಂದು ಫೋನ್ ಕೈಗೆತ್ತಿಕೊಂಡೆ... ಟೀಚರ್ ತೀರಿಕೊಂಡು ಎರಡು ಮಳೆಗಾಲ ಕಳೆದಿದೆ. ಹೋದ ಬೆಂಚುಗಳೂ ವಾಪಸ್ಸು ಬರಲಿಲ್ಲ.

ಆಯುಕ್ತರ ಹೆಸರನ್ನು ಸೀಮೆಸುಣ್ಣದಲ್ಲೇ ಬರೆದೆ. ಕೊನೆಯ ಸಾಲು ಮುಖ್ಯೋಪಾಧ್ಯಾಯಿನಿಯದು. ಈಗ ಆ ಹುದ್ದೆಯಲ್ಲಿ ನಾನಿದ್ದರೂ ಅಲ್ಲಿ ಇವತ್ತಿಗೂ ದೊಡ್ಡ ಟೀಚರ್ ಹೆಸರೇ, ಬಣ್ಣದಲ್ಲಿ. ಅದನ್ನು ಅಳಿಸಿ ನನ್ನದು ಬರೆಯಲಾ ಎಂದು ಪೇಂಟರ್ ಈಗಾಗಲೇ ಒಮ್ಮೆ ಕೇಳಿ ಹೋಗಿದ್ದ. ನಿನ್ನೆ ಮತ್ತೆ ಬಂದ.

"ಮಳೆ ಬಿಡ್ಲಿ ಮಾರಾಯ," ಎಂದೆ.