ಫಾರ್ಮಾಲಿನ್ ಬೀಳದ ಸೀಸೆ

ಆ ಸೀಸೆಗೆ ಫಾರ್ಮಾಲಿನ್ ಹಾಕದೆ ಬಿಟ್ಟವಳು ನಾನು. ವಿಮಲಕ್ಕ ಅಲ್ಲ — ನಾನು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಹಿಂದೂಪುರದ ಹೊರಗಿನ ಒಂದು ಸಣ್ಣ ಲ್ಯಾಬಿನಲ್ಲಿ ಇಬ್ಬರೂ ಕೆಲಸಕ್ಕಿದ್ದೆವು. ಕೋಳಿಮೊಟ್ಟೆಯೊಳಗೆ ಇನ್‌ಫ್ಲುಯೆಂಜಾ ಬಿ ವೈರಸ್ ಬೆಳೆಸಿ, ಫಾರ್ಮಾಲಿನ್ ಬೆರೆಸಿ ಅದನ್ನು ಸಾಯಿಸಿ, ಸಂಶೋಧನೆ ಮಾಡುವವರಿಗೆ ಕಳಿಸುತ್ತಿದ್ದೆವು. ವಿಮಲಕ್ಕ ನನಗಿಂತ ಹಿರಿಯರು, ಕಲ್ಯಾಣದುರ್ಗದ ನೇಕಾರರ ಮನೆಯವರು. ಅವರು ಮೊಟ್ಟೆಗೆ ಸೂಜಿ ಇಳಿಸುವುದನ್ನು ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಿದ್ದೆ — ಒಳಗಿನ ಮರಿಗೆಲ್ಲಿ ಎಚ್ಚರವಾದೀತೋ ಎಂಬಷ್ಟು ಮೆತ್ತಗೆ ಇಳಿಸುತ್ತಿದ್ದರು.

ಆ ದಿನ ಸೋಮಂದೇಪಲ್ಲಿಯಿಂದ ನನ್ನನ್ನು ನೋಡಲು ಗಂಡಿನವರು ಬರುವವರಿದ್ದರು. ವಿಮಲಕ್ಕ ಫಾರ್ಮಾಲಿನ್ ಕಲಸಿಕೊಟ್ಟಿದ್ದರು. ಮನೆಗೆ ಹೋಗುವ ಆತುರದಲ್ಲಿ ಸೀಸೆಗೆ ‘ನಿಷ್ಕ್ರಿಯ’ ಎಂಬ ಚೀಟಿ ಅಂಟಿಸಿದೆ, ಫಾರ್ಮಾಲಿನ್ ಹಾಕುವುದನ್ನು ಮರೆತೆ. ಬಸ್ಸಿನಲ್ಲಿ ನೆನಪಾಯಿತು. ಮರುದಿನ ಬರುವಷ್ಟರಲ್ಲಿ ಸೀಸೆ ವಿಮಲಕ್ಕ ಬೀಗ ಹಾಕಿಡುವ ಫ್ರಿಜ್ಜಿನೊಳಗೆ ಸೇರಿತ್ತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು — ಹೇಳದೆ, ಕಲಸಿಟ್ಟ ಫಾರ್ಮಾಲಿನ್ ಹಾಗೇ ಉಳಿದದ್ದು ಯಾರಿಗೂ ಕಾಣಬಾರದೆಂದು ಸಿಂಕಿಗೆ ಸುರಿದೆ.

ಕಳಿಸುವ ಮೊದಲು ವಿಮಲಕ್ಕ ಸೀಸೆಯಲ್ಲಿದ್ದುದನ್ನು ಸ್ವಲ್ಪ ಹೊಸ ಮೊಟ್ಟೆಗೆ ಹಾಕಿ ನೋಡುತ್ತಿದ್ದರು. ವೈರಸ್ ಸತ್ತಿದ್ದರೆ ಬೆಳೆಯಬಾರದು. ಬೆಳೆದಿತ್ತು.

ಮೊಟ್ಟೆಯದೇ ದೋಷವಿರಬೇಕು, ಕಳಿಸಿಬಿಡಿ ಎಂದರು ಮಾಲೀಕರು. ವಿಮಲಕ್ಕ ಧ್ವನಿ ಏರಿಸಲಿಲ್ಲ.

“ಕಳ್ಸಕ್ಕಾಗಲ್ಲ ಸಾರ್. ಅಲ್ಲಿ ಓದೋ ಹುಡುಗ್ರು ಸತ್ತೈತೆ ಅಂತ ನಂಬ್ಕಂಡು ಮುಟ್ತಾರೆ.”

ಬಿಸಿ ಆವಿಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನಲ್ಲಿಟ್ಟು ತಾವೇ ಆ ಸೀಸೆಯನ್ನು ಕುದಿಸಿಬಿಟ್ಟರು. ಅಷ್ಟು ಧೈರ್ಯವನ್ನು ನಾನು ಆಮೇಲೆ ಯಾರಲ್ಲೂ ಕಂಡಿಲ್ಲ.

“ಎವರು ಚೇಸಿನ ಪನಿ ಇದಿ? ಯಾರ ಕೆಲಸ?” ಎಂದರು ಮಾಲೀಕರು. ನಾನು ಪಕ್ಕದಲ್ಲೇ ಇದ್ದೆ. ಮದುವೆ ಗೊತ್ತಾಗಿತ್ತು, ಕೆಲಸ ಹೋದರೆ — ಇಲ್ಲ, ಅದನ್ನೀಗ ಹೇಳಿ ಏನು.

“ನಂದೇ ತಪ್ಪು ಸಾರ್,” ಎಂದರು ವಿಮಲಕ್ಕ.

ಅವರ ಕೆಲಸ ಹೋಯಿತು. ಎಲ್ಲ ಗೊತ್ತಿದ್ದೂ ನನ್ನನ್ನು ಉಳಿಸಿದರು ಎಂದು ನಂಬಿಕೊಂಡೆ. ಹಾಗೆ ನಂಬುವುದು ನನಗೆ ಸುಲಭವಾಗಿತ್ತು.

ಹೋದ ತಿಂಗಳು ಕಲ್ಯಾಣದುರ್ಗಕ್ಕೆ ಹೋದೆ. ವಿಮಲಕ್ಕ ತಮ್ಮನ ಸೀರೆ ಅಂಗಡಿಯಲ್ಲಿ ಕೂತಿದ್ದರು. ಎಲ್ಲವನ್ನೂ ಹೇಳಿದೆ. ಮಡಿಸುತ್ತಿದ್ದ ಸೀರೆ ಮಡಿಲಲ್ಲೇ ಉಳಿಯಿತು.

“ಫಾರ್ಮಾಲಿನ್ ನಾನೇ ಕಲಸಿದ್ನಲ್ಲಮ್ಮ. ನನ್ ಕೈಯೇ ಹದ ತಪ್ಪೈತೆ ಅಂದ್ಕಂಡೆ. ಅದ್ಕೇ ಇನ್ನೊಂದು ಲ್ಯಾಬಿನ ಬಾಗ್ಲು ತುಳೀಲಿಲ್ಲ.” ಆಮೇಲೆ ಕೇಳಿದರು: “ಅಂಗಾರೆ ನಾನು ಕಲಸಿದ್ದು ಸರಿಯಾಗೇ ಇತ್ತಾ?”

“ಇತ್ತಕ್ಕ.”

ಬೈಯಲಿಲ್ಲ. “ಬಸ್ಸಿಗೆ ಹೊತ್ತಾಗ್ತೈತೆ, ಹೊರಡು ಕಣಮ್ಮ,” ಎಂದರು.

ಮಾಲೀಕರಿಗೂ ಹೋಗಿ ಹೇಳಿ ಬಂದೆ. ನಾನು ಕಳೆದದ್ದು ವಿಮಲಕ್ಕನ ಕೆಲಸವನ್ನು ಮಾತ್ರ ಎಂದು ಇಷ್ಟು ವರ್ಷ ತಿಳಿದಿದ್ದೆ. ಅವರಿಗೆ ತಮ್ಮ ಮೇಲಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೆ. ಅದನ್ನು ಹಿಂದಕ್ಕೆ ಕೊಡುವ ದಾರಿ ನನಗೆ ಗೊತ್ತಿಲ್ಲ.