ಬೆಂಕಿಯ ಮುಂದೆ ಅಕ್ಕ, ಕ್ಯಾಮೆರಾ ಮುಂದೆ ತಂಗಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರೆಸ್ಟೋರೆಂಟಿನ ಹಿಂಬಾಗಿಲು ಅರ್ಧ ತೆರೆದಿದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಒಬ್ಬ ಹೆಂಗಸು ಅಣಬೆಯ ರಾಶಿ ಮುಂದಿಟ್ಟುಕೊಂಡು, ಒಂದೊಂದನ್ನೇ ಎತ್ತಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ. ನಲ್ಲಿ ಪಕ್ಕದಲ್ಲೇ ಇದೆಯಲ್ಲ, ಎಲ್ಲವನ್ನೂ ಒಟ್ಟಿಗೆ ತೊಳೆದುಬಿಡಬಾರದೇ ಎಂದು ಕೇಳುತ್ತೇನೆ. ಅವರು ತಲೆ ಎತ್ತುವುದಿಲ್ಲ. "ತೊಳೆದ್ರೆ ನೀರು ಕುಡಿಯತ್ತೆ. ಆಮೇಲೆ ಬಾಣಲೆಗೆ ಹಾಕಿದ್ರೆ ಅದೇ ನೀರು ಬಿಟ್ಕೊಂಡು ಅಳ್ತಾ ಕೂತ್ಕೊಳತ್ತೆ," ಎನ್ನುತ್ತಾರೆ. ಇನ್ನೆರಡು ಅಣಬೆ ಒರೆಸಿ, ನಾನು ಕೇಳದೇ ಇದ್ದದ್ದನ್ನೂ ಸೇರಿಸುತ್ತಾರೆ: "ಇದನ್ನೂ ಅವಳು ವಿಡಿಯೋದಲ್ಲಿ ಹೇಳಿದಾಳೆ. ಹೀಗೇ, ಇದೇ ಮಾತು. ನಾನು ಹೇಳಿಕೊಟ್ಟಿದ್ದನ್ನ ತಾನೇ ಕಂಡುಹಿಡಿದೋಳ ಹಾಗೆ!"

ಅವಳು ಅಂದರೆ ತಂಗಿ. ಸ್ವಂತ ತಂಗಿ, ಒಡಹುಟ್ಟಿದವಳು. ಮನೆಯ ಅಡುಗೆಮನೆಯಲ್ಲಿ ಫೋನ್ ನಿಲ್ಲಿಸಿಕೊಂಡು, ಹೋಟೆಲ್ ರುಚಿಯ ಸ್ಟೇಕ್, ಅಂದರೆ ಬೆಣ್ಣೆಯಲ್ಲಿ ಬೇಯಿಸಿದ ದಪ್ಪ ಮಾಂಸದ ತುಂಡು, ಮತ್ತು ಅಣಬೆಯನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿ ತೋರಿಸಿ ಹೆಸರು ಮಾಡಿದಾಕೆ. ಆ ವಿಡಿಯೋವನ್ನು ನೀವೂ ನೋಡಿರಬಹುದು. ಇದೇ ಪುರವಣಿಯಲ್ಲಿ ಆಕೆಯ ಬಗ್ಗೆ ಅರ್ಧ ಪುಟದ ಬಣ್ಣದ ಲೇಖನವೂ ಬಂದಿತ್ತು. ಅದನ್ನು ಬರೆದದ್ದು ನನ್ನ ಪಕ್ಕದ ಮೇಜಿನವನು. ಅವನಿಗೆ ಯಾವಾಗಲೂ ಅರ್ಧ ಪುಟ, ನನಗೆ ಯಾವಾಗಲೂ ಒಳಗಿನ ಮೂಲೆ. ಇರಲಿ, ಇದು ನನ್ನ ಕಥೆಯಲ್ಲ.

ತೆರೆಮರೆಯಲ್ಲಿ ದುಡಿಯುವವರ ಈ ಅಂಕಣಕ್ಕಾಗಿ ನಾನು ಮಾತಾಡಿಸಿದವರೆಲ್ಲ ಸಾಮಾನ್ಯವಾಗಿ "ನಮ್ದೇನಿದೆ ಬಿಡಿ, ಏನೋ ಮಾಡ್ಕೊಂಡು ಹೋಗ್ತೀವಿ" ಎನ್ನುವ ಪೈಕಿ. ಅವರನ್ನು ಬಲವಂತ ಮಾಡಿ ಒಪ್ಪಿಸುವಷ್ಟರಲ್ಲಿ ನನಗೆ ಸಾಕುಬೇಕಾಗುತ್ತದೆ. ಈಕೆ ಹಾಗಲ್ಲ. ಫೋನ್ ಮಾಡಿದ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ: "ಅವಳ ಬಗ್ಗೆ ಬರೆದ ಪೇಪರ್ರೇ ತಾನೆ? ಬನ್ನಿ, ಬನ್ನಿ. ನಾಳೇನೇ ಬನ್ನಿ." ಎದುರಿಗೆ ಕೂತಾಗ ನಾನು ಸ್ವಲ್ಪ ಮೆತ್ತಗೆ, ತಂಗಿಯ ಹೆಸರು ಕೇಳಿದರೆ ಬೇಜಾರಾಗುತ್ತಾ ಎಂದು ಕೇಳುತ್ತೇನೆ. "ಬೇಜಾರಲ್ಲಮ್ಮ, ಹೊಟ್ಟೆಕಿಚ್ಚು. ಬೇಜಾರಿಗೂ ಹೊಟ್ಟೆಕಿಚ್ಚಿಗೂ ವ್ಯತ್ಯಾಸ ಗೊತ್ತಿಲ್ವಾ ನಿಮಗೆ?" ಎಂದು ನನಗೇ ಗದರುತ್ತಾರೆ. ಗೊತ್ತಿದೆ, ಚೆನ್ನಾಗಿಯೇ ಗೊತ್ತಿದೆ. ಅಲ್ಲಿಂದ ಮುಂದೆ ನಮ್ಮಿಬ್ಬರ ಮಾತು ಸಲೀಸಾಗಿ ಸಾಗುತ್ತದೆ.

ಅಡುಗೆಮನೆಯಲ್ಲಿ ಎಲ್ಲರೂ ಇವರನ್ನು ಅಕ್ಕ ಎನ್ನುತ್ತಾರೆ. ಇವರಿಗಿಂತ ದೊಡ್ಡವರೂ ಅಕ್ಕ ಎಂದೇ ಕೂಗುತ್ತಾರೆ. ಇವರ ಜಾಗ ಕಬ್ಬಿಣದ ಹಂಚಿನ ಮುಂದೆ. ಅದು ಒಂದು ಮಂಚದಷ್ಟು ಅಗಲ, ಬೆಳಿಗ್ಗೆ ಹೊತ್ತಿಸಿದರೆ ರಾತ್ರಿ ಬಾಗಿಲು ಹಾಕುವವರೆಗೂ ಆರುವುದಿಲ್ಲ. ಒಂದು ಬದಿಯಲ್ಲಿ ಸ್ಟೇಕ್ ಸಾಲಾಗಿ ಮಲಗಿದ್ದರೆ ಇನ್ನೊಂದು ಬದಿಯಲ್ಲಿ ಅಣಬೆ ಹರಡಿಕೊಂಡಿರುತ್ತದೆ. ತಟ್ಟೆ ದಾಟಿಸುವ ಕಿಟಕಿಯಿಂದ "ಎರಡು ಅರೆಬೆಂದಿದ್ದು, ಒಂದು ಪೂರ್ತಿ!" ಎಂದು ಕೂಗು ಬರುತ್ತದೆ. ಅಕ್ಕ ಬೆರಳಿನಿಂದ ಮಾಂಸವನ್ನು ಒತ್ತಿ ನೋಡುತ್ತಾರೆ, ಮಗುಚುತ್ತಾರೆ, ಕರಗಿದ ಬೆಣ್ಣೆಯನ್ನು ಚಮಚದಲ್ಲಿ ಮೇಲಿಂದ ಸುರಿಯುತ್ತಾರೆ, ಎತ್ತಿ ಪಕ್ಕಕ್ಕಿಡುತ್ತಾರೆ. ದಿನಕ್ಕೆ ನೂರರ ಹತ್ತಿರ ಸ್ಟೇಕ್ ಈ ಕೈ ದಾಟಿ ಹೋಗುತ್ತದೆ. ಮುಂಗೈ ತುಂಬ ಎಣ್ಣೆ ಸಿಡಿದ ಕಲೆ. ಸಂಜೆಯ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿಯೊಳಗೆ ಹೋಗುವುದಿಲ್ಲ, ಹಾಗಾಗಿ ಒಂದು ಅಳತೆ ದೊಡ್ಡದನ್ನೇ ಕೊಳ್ಳುತ್ತಾರೆ.

ಊಟ ಮಾಡಿದವರು ಮೆಚ್ಚಿದರೆ ಮುಖ್ಯ ಬಾಣಸಿಗರನ್ನು ಕರೆಸುತ್ತಾರೆ. ಅವರು ಎತ್ತರದ ಬಿಳಿ ಟೋಪಿ ಸರಿಮಾಡಿಕೊಂಡು ಹೊರಗೆ ಹೋಗಿ, ತಲೆಬಾಗಿ ಬರುತ್ತಾರೆ. ಅದನ್ನು ನೋಡಿ ಉರಿಯುವುದಿಲ್ಲವೇ ಎಂದರೆ ಅಕ್ಕ ನಗುತ್ತಾರೆ. "ಅಯ್ಯೋ, ಪಾಪ, ಅವರಿಗೆ ಸಂಬಳ ಕೊಡೋದೇ ಅದಕ್ಕೆ. ಅವರ ಮೇಲೆ ಎಳ್ಳಷ್ಟೂ ಇಲ್ಲ ನನಗೆ. ಹೊಟ್ಟೆಕಿಚ್ಚು ಪಡಬೇಕು ಅಂದ್ರೂ ಒಂದು ಸಂಬಂಧ ಬೇಕಲ್ವಾ?"

ಸಂಬಂಧ ಹಳೆಯದು. ಅಮ್ಮ ಹೋದಾಗ ಅಕ್ಕ ಇನ್ನೂ ಶಾಲೆಯಲ್ಲಿದ್ದರು, ತಂಗಿ ತೊಟ್ಟಿಲು ಬಿಟ್ಟು ಹೆಚ್ಚು ದಿನವಾಗಿರಲಿಲ್ಲ. ಸ್ಟೂಲಿನ ಮೇಲೆ ನಿಂತು ಒಲೆ ಹಚ್ಚಿ ತಂಗಿಯನ್ನು ಬೆಳೆಸಿದ್ದು ಇವರೇ. ಅಪ್ಪನದು ಮಾಂಸದ ಅಂಗಡಿ. ಒಳ್ಳೆಯ ತುಂಡೆಲ್ಲ ಗಿರಾಕಿಗಳಿಗೆ, ಉಳಿದ ಅಂಚು ಮನೆಗೆ. ಆ ಅಂಚನ್ನೇ ಮೆತ್ತಗೆ ಮಾಡುವುದು ಹೇಗೆಂದು ಕಲಿತಿದ್ದೇ ಇವರ ಮೊದಲ ಪಾಠ. ಅಂಗಡಿ ಮುಚ್ಚಿದ ಮೇಲೆ ಅಕ್ಕ ರೆಸ್ಟೋರೆಂಟಿಗೆ ಸೇರಿದರು, ಪಾತ್ರೆ ತೊಳೆಯುವುದರಿಂದ ಶುರುಮಾಡಿ ಹಂಚಿನ ಮುಂದೆ ಬಂದು ನಿಂತರು. ಮುಂದೆ ತಂಗಿಯನ್ನೂ ಅಲ್ಲಿಗೇ ಕರೆತಂದು ಕೆಲವು ತಿಂಗಳು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ತಂಗಿಗೆ ಆ ಶಾಖ ತಡೆಯಲಿಲ್ಲ, ಕೆಲಸ ಬಿಟ್ಟು ಮದುವೆಯಾಗಿ ಹೋದಳು. "ಕಲಿತಿದ್ದನ್ನ ಮಾತ್ರ ಬಿಟ್ಟು ಹೋಗ್ಲಿಲ್ಲ ನೋಡಿ," ಎನ್ನುತ್ತಾರೆ ಅಕ್ಕ.

ಅಪ್ಪ ಇರುವುದು ಅಕ್ಕನ ಮನೆಯಲ್ಲಿ. ಭಾನುವಾರ ರೆಸ್ಟೋರೆಂಟಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ, ಆದ್ದರಿಂದ ಅಕ್ಕನಿಗೆ ರಜೆ ಇಲ್ಲ. ತಂಗಿ ಬರುವುದು ಆ ಭಾನುವಾರವೇ. ಅಕ್ಕನ ಒಲೆಯಲ್ಲಿ, ಅಕ್ಕನ ಬಾಣಲೆಯಲ್ಲಿ ಅಪ್ಪನಿಗೆ ಸ್ಟೇಕ್ ಮಾಡಿ ಬಡಿಸುತ್ತಾಳೆ. ರಾತ್ರಿ ಅಕ್ಕ ಊದಿದ ಕಾಲೆಳೆದುಕೊಂಡು ಬಾಗಿಲು ತಟ್ಟಿದರೆ ಅಪ್ಪನ ಮೊದಲ ಮಾತು, "ಚಿಕ್ಕವಳು ಇವತ್ತು ಏನ್ ಮಾಡಿದ್ಲು ಗೊತ್ತಾ!" ಎಂದು. ಆಮೇಲೆ ಮಲಗುವ ತನಕ ಅದೇ ಪುರಾಣ.

"ದಿನಾ ಊರಿಗೆಲ್ಲ ಮಾಡಿ ಹಾಕ್ತೀನಿ. ನನ್ನಪ್ಪ ಮಾತ್ರ ನನ್ನ ಕೈ ಸ್ಟೇಕ್ ತಿಂದಿರ್ಲಿಲ್ಲ," ಎನ್ನುವಾಗ ಅಕ್ಕನ ದನಿ ಏರುತ್ತದೆ. ರೆಸ್ಟೋರೆಂಟಿನಿಂದ ಊಟ ಹೊರಗೆ ಒಯ್ಯುವಂತಿಲ್ಲ, ಒಯ್ದರೂ ಆರಿದ ಸ್ಟೇಕ್ ಚಪ್ಪಲಿ ತೊಗಲು. ಬೇರೆ ಯಾರೋ ಆಗಿದ್ದರೆ ಬಿಡಿ ಎನ್ನಬಹುದಿತ್ತು. ಆದರೆ ಅಪ್ಪ ಜೀವಮಾನವೆಲ್ಲ ಮಾಂಸ ಕಡಿದವರು. ಚೆನ್ನಾಗಿದೆ ಎಂಬ ಮಾತು ಅವರ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಅದು ತಂಗಿಗೆ ಪ್ರತಿ ವಾರ ಸಿಗುತ್ತಿದೆ. ಅಕ್ಕನಿಗೆ ಒಂದು ಸಲ ಬೇಕು, ಅಷ್ಟೇ. ನಾನು ಮಾತಾಡಿಸಿದ ಅಷ್ಟೂ ದಿನ ಇವರು ಬಯಸಿದ್ದು ಇದೊಂದನ್ನೇ.

ಒಂದು ಸಲ ಪ್ರಯತ್ನವೂ ನಡೆದಿದೆ. ಅದರ ಕಥೆ ಹೇಳಲು ಅಕ್ಕನಿಗೆ ಇಷ್ಟವಿಲ್ಲ, ನಾನು ಬಿಡುವುದಿಲ್ಲ. ರಜೆಯ ದಿನ ಒಳ್ಳೆಯ ಮಾಂಸ ತಂದಿದ್ದಾರೆ. ಒರೆಸಿದ್ದಾರೆ, ಉಪ್ಪು ಹಚ್ಚಿದ್ದಾರೆ, ಎಲ್ಲ ಸರಿ. ಆದರೆ ಕೈಗೆ ಮಂಚದಗಲದ ಹಂಚೇ ಅಭ್ಯಾಸ. ಅಪ್ಪನಿಗೊಂದು, ಗಂಡನಿಗೊಂದು, ತನಗೊಂದು ಎಂದು ಮೂರೂ ತುಂಡನ್ನು ಒಟ್ಟಿಗೆ ಬಾಣಲೆಗೆ ಹಾಕಿ, ಸಂದಿಯಲ್ಲಿ ಬುಟ್ಟಿ ಅಣಬೆ ಸುರಿದಿದ್ದಾರೆ. ಮನೆಯ ಪುಟ್ಟ ಒಲೆ ಅಷ್ಟಕ್ಕೇ ಕೈಚೆಲ್ಲಿದೆ. ಬಾಣಲೆ ತಣ್ಣಗಾಗಿ, ಅಣಬೆ ನೀರು ಬಿಟ್ಟು, ಸ್ಟೇಕ್ ಬೂದುಬಣ್ಣಕ್ಕೆ ತಿರುಗಿ ಕೊತಕೊತ ಬೆಂದಿದೆ. ಗಾಬರಿಯಾಗಿ ಉರಿ ಜೋರು ಮಾಡಿ, ನೀರು ಇಂಗುವುದರೊಳಗೆ ಇನ್ನಷ್ಟು ಬೆಣ್ಣೆ ಹಾಕಿದ್ದಾರೆ. ಕೊನೆಗೆ ಬೆಣ್ಣೆ ಸೀದು ಮನೆ ತುಂಬ ಹೊಗೆ. ಪಕ್ಕದ ಮನೆಯವರು ಬಕೆಟ್ ನೀರು ಹಿಡಿದು ಓಡಿಬಂದರಂತೆ.

ಅಪ್ಪ ಏನಂದರು ಎಂದು ಕೇಳುತ್ತೇನೆ. "ಅಗಿದ್ರು, ಅಗಿದ್ರು, ಅಗೀತಾನೇ ಇದ್ರು. ಆಮೇಲೆ ಪಕ್ಕಕ್ಕೆ ತೆಗೆದಿಟ್ಟು, ಹೋಗ್ಲಿ ಬಿಡು, ಚಿಕ್ಕವಳು ಬರ್ತಾಳಲ್ಲ ಅಂದ್ರು." ಅಕ್ಕ ಒರೆಸುತ್ತಿದ್ದ ಬಟ್ಟೆಯನ್ನು ಹಿಂಡಿ ಮೇಜಿನ ಮೇಲೆ ಕುಕ್ಕುತ್ತಾರೆ. "ಆ ಮಾತಿಗಿಂತ ಬೈದಿದ್ರೇ ವಾಸಿಯಿತ್ತು."

ಮುಂದೇನು ಮಾಡಿದರೆಂದು ಹೇಳುವಾಗ ಮಾತ್ರ ದನಿ ತಗ್ಗುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಹಿಂದಿನ ಓಣಿಗೆ ಹೋಗಿ, ಖಾಲಿ ಡಬ್ಬದ ಮೇಲೆ ಕೂತು ತಂಗಿಯ ವಿಡಿಯೋ ಹಾಕಿಕೊಂಡಿದ್ದಾರೆ. ಒಂದು ಸಲವಲ್ಲ, ವಾರವಿಡೀ. ಅದರಲ್ಲಿ ತಂಗಿ ನಗುನಗುತ್ತ ಹೇಳುತ್ತಾಳೆ: ಮನೆ ಒಲೆಗೆ ಹೋಟೆಲ್ ಒಲೆಯ ಶಕ್ತಿ ಇಲ್ಲ, ಅದಕ್ಕೇ ಒಂದು ಸಲಕ್ಕೆ ಒಂದೇ ತುಂಡು, ಮಾಂಸ ತೆಗೆದ ಮೇಲೆ ಅದೇ ಬಾಣಲೆಯಲ್ಲಿ ಅಣಬೆ, ಅದೂ ಹಿಡಿಯಷ್ಟೇ. "ಇದನ್ನ ನಾನು ಹೇಳಿಕೊಟ್ಟಿರ್ಲಿಲ್ಲ. ಅವಳೇ ತಿಳ್ಕೊಂಡಿದ್ದು," ಎಂದು ಅಕ್ಕ ಹಲ್ಲು ಕಚ್ಚಿ ಒಪ್ಪಿಕೊಳ್ಳುತ್ತಾರೆ. "ಅದು ಗೊತ್ತಾಗಿ ಇನ್ನೂ ಉರೀತು."

ಅಕ್ಕನ ವಾರದ ರಜೆಯ ದಿನ ನಾನು ಅವರ ಮನೆಯಲ್ಲಿದ್ದೇನೆ. ಇಬ್ಬರು ನಿಂತರೆ ಮೂರನೆಯವರು ಹೊರಗಿರಬೇಕಾದ ಅಡುಗೆಮನೆ. ಮುಂದಿನ ಕೋಣೆಯಲ್ಲಿ ಅಪ್ಪ, ಕಣ್ಣು ಮಂಜು, ಬಾಣಲೆಯ ಸದ್ದಿಗಷ್ಟೇ ಕಿವಿ ಚುರುಕು. ಗಂಡ ದೂರದ ಬಸ್ಸಿನ ಡ್ರೈವರ್, ಇವತ್ತು ಊರಿನಲ್ಲಿಲ್ಲ. ಅಕ್ಕ ಎರಡು ತುಂಡು ಮಾಂಸವನ್ನು ಆಗಲೇ ಹೊರಗಿಟ್ಟು ತಂಪು ಬಿಡಿಸಿದ್ದಾರೆ. ದಪ್ಪ ತಳದ ಬಾಣಲೆ ಒಲೆಯ ಮೇಲಿದೆ. ಅಷ್ಟರಲ್ಲಿ ಬಾಗಿಲಲ್ಲಿ "ಅಕ್ಕಾ" ಎನ್ನುವ ದನಿ.

ತಂಗಿ! ಪೇಪರಿನವರು ಬರುತ್ತಾರೆಂದು ಅಪ್ಪನೇ ಫೋನಿನಲ್ಲಿ ಹೇಳಿದ್ದಾರೆ. ವಿಡಿಯೋದಲ್ಲಿ ಕಂಡಿದ್ದಕ್ಕಿಂತ ಸಣ್ಣ ಹೆಂಗಸು, ಆಗಲೇ ಫೋನ್ ಕೈಯಲ್ಲಿದೆ. "ಅಕ್ಕಾ, ನೀನು ಮಾಡು, ನಾನು ಸುಮ್ನೆ ಶೂಟ್ ಮಾಡ್ಕೋತೀನಿ. ಜನಕ್ಕೆ ಇಷ್ಟ ಆಗತ್ತೆ."

"ಫೋನ್ ಒಳಗಿಡೇ. ಇಲ್ಲಾಂದ್ರೆ ಅದನ್ನೇ ಬಾಣಲೆಗೆ ಹಾಕ್ತೀನಿ."

"ಯಾಕಕ್ಕಾ ಹೀಗೆ ಸಿಡುಕ್ತೀಯ, ನಾನೇನ್ ಮಾಡಿದೆ ನಿನಗೆ?"

"ಏನ್ ಮಾಡಿಲ್ಲ ಹೇಳು."

ತಂಗಿ ಮುಖ ಸಣ್ಣದು ಮಾಡಿಕೊಂಡು ಬಾಗಿಲಿಗೆ ಒರಗುತ್ತಾಳೆ. ಆದರೆ ಹೋಗುವುದಿಲ್ಲ. ಬಾಣಲೆಯಿಂದ ಸಣ್ಣಗೆ ಹೊಗೆ ಏಳುತ್ತದೆ. ಅಕ್ಕ ಒಂದೇ ಒಂದು ತುಂಡನ್ನು ಇಳಿಸುತ್ತಾರೆ. ಚುರ್ರೆಂದ ಸದ್ದಿಗೆ ಮುಂದಿನ ಕೋಣೆಯಲ್ಲಿ ಅಪ್ಪ ಕೆಮ್ಮಿ ಸರಿಯಾಗಿ ಕೂರುತ್ತಾರೆ. ಅಕ್ಕ ಅದನ್ನು ಕೆದಕುವುದಿಲ್ಲ, ಒತ್ತುವುದಿಲ್ಲ, ತಾನಾಗಿ ತಳ ಬಿಡುವವರೆಗೆ ಕಾಯುತ್ತಾರೆ. ಮಗುಚಿದಾಗ ಕಂದು ಬಣ್ಣ ಒಂದೇ ಸಮ ಹಿಡಿದಿದೆ. ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಬಾಣಲೆ ಓರೆ ಮಾಡಿ ಚಮಚದಿಂದ ಸುರಿಯುವುದು. ಸ್ಟೇಕನ್ನು ತಟ್ಟೆಗೆ ತೆಗೆದು ಮುಚ್ಚಿಟ್ಟು, ಅದೇ ಬಾಣಲೆಗೆ ಒಂದು ಹಿಡಿ ಅಣಬೆ. ಅದು ಹೊಂಬಣ್ಣಕ್ಕೆ ತಿರುಗಿದ ಮೇಲೆ ಉಪ್ಪು, ಕಾಳುಮೆಣಸು, ಕೊನೆಗೆ ಒಂದಿಷ್ಟು ಕೆನೆ. ತಳಕ್ಕೆ ಅಂಟಿದ್ದೆಲ್ಲ ಕೆನೆಯಲ್ಲಿ ಕರಗಿ ಬರುತ್ತದೆ. ತಂಗಿಗೆ ಎಲ್ಲವೂ ಕಾಣುತ್ತಿದೆ. ತನ್ನ ವಿಡಿಯೋದ ವರಸೆ ಎಂದು ಅವಳಿಗೆ ಗೊತ್ತಾಗದೇ ಇರುತ್ತದೆಯೇ?

ಅಕ್ಕ ಸ್ಟೇಕನ್ನು ನಾರಿಗೆ ಅಡ್ಡವಾಗಿ ತೆಳ್ಳಗೆ ಕೊಯ್ದು, ಮೇಲೆ ಅಣಬೆ ಹರಡುತ್ತಾರೆ. ಎರಡನೇ ತುಂಡು ಆಗಲೇ ಬಾಣಲೆಗೆ ಇಳಿದಿದೆ, ಒಲೆ ಬಿಟ್ಟು ಹೋಗುವಂತಿಲ್ಲ. ತಟ್ಟೆ ಹಿಡಿಯಲು ನಾನು ಕೈ ಚಾಚುವಷ್ಟರಲ್ಲಿ ತಂಗಿ ಎತ್ತಿಕೊಂಡು ಮುಂದಿನ ಕೋಣೆಗೆ ನಡೆದೇಬಿಟ್ಟಿದ್ದಾಳೆ. "ಅಪ್ಪಾ, ಬಿಸಿ ಇದೆ, ನೋಡ್ಕೊಂಡು," ಎನ್ನುವುದು ಕೇಳುತ್ತದೆ. ಅಕ್ಕ ನನ್ನನ್ನು ನೋಡುತ್ತಾರೆ. ಆ ನೋಟವನ್ನು ಇಲ್ಲಿ ಬರೆಯದಿರುವುದೇ ಕ್ಷೇಮ.

ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ. ಅಪ್ಪ ಮೊದಲ ತುಂಡನ್ನು ಬಾಯಿಗಿಟ್ಟು ಕಣ್ಣು ಮುಚ್ಚುತ್ತಾರೆ. ಅಗಿಯುತ್ತಾರೆ. ಎರಡನೆಯದು. ಮೂರನೆಯದಕ್ಕೆ ಅಣಬೆ ಸೇರಿಸಿಕೊಳ್ಳುತ್ತಾರೆ. ಒಳಗೆ ಅಕ್ಕ ಒಲೆ ಸಣ್ಣ ಮಾಡಿ ಇಕ್ಕಳ ಹಿಡಿದು ನಿಂತಿದ್ದಾರೆ. ತಟ್ಟೆ ಬರಿದಾಗುತ್ತದೆ. ಅಪ್ಪ ಉಳಿದ ರಸವನ್ನು ಬೆರಳಿನಿಂದ ಬಳಿದು ಬಾಯಿ ಚಪ್ಪರಿಸುತ್ತಾರೆ.

"ಆಹಾ! ಇಷ್ಟು ದಿನ ಮಾಡಿದ್ದೆಲ್ಲ ಒಂದು, ಇವತ್ತಿಂದೇ ಒಂದು. ನಿನ್ನ ಕೈಗೆ ಚಿನ್ನದ ಬಳೆ ತೊಡಿಸಬೇಕು ಚಿಕ್ಕವಳೇ!"

ಒಳಗಿನಿಂದ ಇಕ್ಕಳ ಕೆಳಗೆ ಬಿದ್ದ ಸದ್ದಾಗುತ್ತದೆ. ತಂಗಿ ಖಾಲಿ ತಟ್ಟೆ ಹಿಡಿದು ನಿಂತಿದ್ದಾಳೆ. ಅವಳ ಮುಖ ನನಗೆ ಸರಿಯಾಗಿ ಕಾಣುತ್ತದೆ. ತುಟಿ ಬಿಗಿದು, ಮೂಗು ಅರಳಿ, ಥೇಟ್ ಅಕ್ಕನದೇ ಮುಖ. ಇವಳಿಗೂ ಉರಿಯುತ್ತಿದೆ. ಇವಳಿಗೂ ಬಹುಶಃ ಮೊದಲಿನಿಂದ ಉರಿಯುತ್ತಿದೆ, ಯಾರೂ ಕೇಳಿಲ್ಲ.

"ನಂದಲ್ಲ ಅಪ್ಪ," ಎನ್ನುತ್ತಾಳೆ. "ಅಕ್ಕ ಮಾಡಿದ್ದು. ನನಗೆ ಯಾವತ್ತೂ ಹೀಗೆ ಬಂದಿಲ್ಲ."

ಅಪ್ಪ ಅಡುಗೆಮನೆಯ ಕಡೆಗೆ ಮುಖ ತಿರುಗಿಸುತ್ತಾರೆ. ಮಂಜುಗಣ್ಣಿಗೆ ಏನು ಕಂಡಿತೋ. "ದೊಡ್ಡವಳೇ," ಎಂದು ಕೂಗುತ್ತಾರೆ, "ಇನ್ನೊಂದಿದ್ರೆ ತಾರಮ್ಮ."

ಇರುವುದು ಅಕ್ಕನ ಪಾಲಿನದು. ಅಕ್ಕ ಅದನ್ನು ಕೊಯ್ದು, ಇನ್ನೊಂದು ಹಿಡಿ ಅಣಬೆ ಹುರಿದು ಸುರಿದು, ಈ ಸಲ ತಟ್ಟೆಯನ್ನು ಯಾರ ಕೈಗೂ ಕೊಡದೆ ತಾನೇ ಒಯ್ಯುತ್ತಾರೆ. ಅಪ್ಪ ತಿಂದು ಮುಗಿಸುವವರೆಗೆ ಪಕ್ಕದಲ್ಲೇ ಕೂರುತ್ತಾರೆ. ತಂಗಿ ಅಂಚಿನಿಂದ ಒಂದು ಅಣಬೆ ಎತ್ತಿಕೊಳ್ಳಲು ಬಂದರೆ ಕೈ ಮೇಲೆ ಪಟ್ಟನೆ ಹೊಡೆಯುತ್ತಾರೆ. ತಂಗಿ ನಗುತ್ತಾಳೆ, ಅಕ್ಕ ನಗುವುದಿಲ್ಲ. ಸ್ವಲ್ಪ ತಡೆದು, ಒಂದು ಅಣಬೆಯನ್ನು ತಾನೇ ಆರಿಸಿ ಅವಳ ಬಾಯಿಗಿಡುತ್ತಾರೆ.

ಹೊರಡುವಾಗ ಬೀದಿಯವರೆಗೂ ಬಂದ ಅಕ್ಕ ನನ್ನ ಕೈ ಹಿಡಿದು ನಿಲ್ಲಿಸುತ್ತಾರೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮುಖ ಮಾತ್ರ ಹಬ್ಬದೂಟ ಮಾಡಿದವರದು. ತಿರುಗಿ ಬಾಗಿಲ ಕಡೆ ನೋಡಿ, ತಂಗಿ ಕೇಳುವಷ್ಟು ಗಟ್ಟಿಯಾಗಿಯೇ ಹೇಳುತ್ತಾರೆ:

"ಬೇರೆ ಏನು ಬೇಕಾದ್ರೂ ಬರ್ಕೊಳ್ಳಿ. ಇದೊಂದು ಮಾತ್ರ ಬಿಡಬೇಡಿ. ಅಪ್ಪ ಅವಳದ್ದನ್ನ ಯಾವತ್ತೂ ಒಂದೇ ತಿನ್ನೋದು. ನಂದು ಎರಡು ತಿಂದ್ರು."