ಮೋಟಾರ್ ಬಂದಾದ ಮೇಲಿನ ಅರ್ಧ ತಾಸು

ನಮ್ಮ ನಡುಮನೆಯ ಗೂಟಕ್ಕೆ ಒಂದು ಬಟ್ಟೆಯ ಚೀಲ ತೂಗುಹಾಕಿದೆ. ಅದರಲ್ಲಿ ನಮ್ಮ ಮನೆಯವರ ಫೋನ್ ಇದೆ. ಅವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಆದರೂ ದಿನಕ್ಕೊಮ್ಮೆ ಆ ಫೋನ್ ರಿಂಗಾಗುತ್ತದೆ. ಎತ್ತಿದರೆ ಒಬ್ಬ ಹೆಂಗಸು ಮರಾಠಿಯಲ್ಲಿ, ಕರೆಂಟ್ ಬಂದಿದೆ ಎಂದು ಹೇಳುತ್ತಾಳೆ. ಎರಡು ಸಲ ಹೇಳಿ ಸುಮ್ಮನಾಗುತ್ತಾಳೆ.

ಅದು ನಮ್ಮ ಮೋಟಾರಿನ ದನಿ. ಉಗಾರ ಬುದ್ರುಕದ ಹೊಳೆದಂಡೆಯ ಮೇಲೆ ನಮ್ಮ ಕಬ್ಬಿನ ಹೊಲಕ್ಕೆ ನೀರೆತ್ತುವ ಮೋಟಾರ್ ಇದೆ. ಅದರ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಒಂದು ಸಿಮ್ ಹಾಕಿಸಿದ್ದರು. ಕರೆಂಟ್ ಬಂದ ಕೂಡಲೇ ಅದೇ ಫೋನ್ ಮಾಡಿ ತಿಳಿಸುತ್ತದೆ. ನಾವು ಅದಕ್ಕೆ ಫೋನ್ ಮಾಡಿ ಒಂದು ಒತ್ತಿದರೆ ಚಾಲೂ, ಎರಡು ಒತ್ತಿದರೆ ಬಂದ್. ಏನೂ ಒತ್ತದೆ ಸುಮ್ಮನೆ ಕಿವಿಗೆ ಹಿಡಿದರೆ, ಈಗ ಚಾಲೂ ಇದೆಯೋ ಬಂದ್ ಇದೆಯೋ ಅಷ್ಟು ಹೇಳುತ್ತದೆ. ಕೂಡಿಸಿಕೊಟ್ಟ ಅಂಗಡಿಯವನು ಮರಾಠಿ ದನಿಯನ್ನೇ ಇಟ್ಟಿದ್ದ. ಬದಲಿಸಲೇ ಎಂದು ಕೇಳಿದ್ದಕ್ಕೆ ನಮ್ಮ ಮನೆಯವರು, "ಇರ್ಲಿ ಬಿಡೋ, ಹೊಳಿ ನೀರೂ ಆ ಕಡಿಂದನಽ ಬರತೈತಿ" ಅಂದಿದ್ದರು.

ಮೋಟಾರಿಗೆ ಫೋನ್ ಹಚ್ಚಿಸಿದ ಈ ಮನುಷ್ಯ ತಾವು ಮಾತ್ರ ಫೋನ್ ಒಯ್ಯುತ್ತಿರಲಿಲ್ಲ. ಹೊಲಕ್ಕೆ ಹೊರಡುವಾಗ ಅದನ್ನು ಚೀಲದಲ್ಲಿ ಹಾಕಿ, ಚೀಲವನ್ನು ಗೂಟಕ್ಕೆ ಹಾಕಿ ಹೋಗುತ್ತಿದ್ದರು. ಈ ಮಾತಿಗೆ ನಾವು ಎಷ್ಟು ಸಲ ಜಗಳಾಡಿದ್ದೇವೋ ಲೆಕ್ಕವಿಲ್ಲ.

"ಮೋಟಾರ್ ಸಿಗತೈತಿ, ನೀವು ಸಿಗಂಗಿಲ್ಲ. ಇದೆಂಥಾ ಬಾಳೇವು?"

"ಹಂಗಾರ ಮೋಟಾರಿಗೇ ಮಾಡು. ಚಾಲೂ ಇದ್ರ ನಾ ಹೊಲದಾಗ ಅದೀನಿ. ಬಂದ್ ಇದ್ರ ಮನಿಗಿ ಹೊಂಟೀನಿ. ಇನ್ನೇನ್ ತಿಳೀಬೇಕು ನಿನಗ?"

"ಕಿಸೆದಾಗ ಇಟಗೊಂಡ್ರ ಏನ್ ಭಾರ ಆಗತೈತೇನ್ರಿ?"

"ಆಗತೈತಿ. ಎಲ್ಲಾರೂ ಎಲ್ಲಿದ್ದೀ ಅಂತಾರ. ಹೊಲದಾಗ ಅಂದ್ರ, ಏನ್ ಮಾಡಾಕತ್ತೀ ಅಂತಾರ. ಸುಮ್ಮ ಕುಂತೀನಿ ಅಂತ ಹೆಂಗ್ ಹೇಳಲಿ?"

ನಾನು ಅದನ್ನು ಚೇಷ್ಟೆ ಎಂದುಕೊಂಡೆ. ಇಡೀ ದಿನ ಕೆಲಸ ಬಿಡದ ಮನುಷ್ಯ ಅವರು.

ಕೊನೆಗೆ ಅವರು ಹೇಳಿದ್ದೇ ರೂಢಿಯಾಯಿತು. ಪೆಟ್ಟಿಗೆಯಲ್ಲಿ ನನ್ನ ನಂಬರನ್ನೂ ಸೇರಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ನಾನು ಮೋಟಾರಿಗೆ ಫೋನ್ ಮಾಡುತ್ತಿದ್ದೆ. ಚಾಲೂ ಇದ್ದರೆ ಬೇರೆ ಕೆಲಸ ನೋಡುತ್ತಿದ್ದೆ. ಬಂದ್ ಎಂದರೆ ಹಿಟ್ಟು ನಾದಿ, ಒಲೆಯ ಮೇಲೆ ಹಂಚು ಇಡುತ್ತಿದ್ದೆ. ಹೊಲದಿಂದ ಮನೆಗೆ ಹತ್ತು ನಿಮಿಷದ ದಾರಿ. ಅವರು ಬರುವುದು ಮಾತ್ರ ಅರ್ಧ ತಾಸಿಗೆ. ಅಷ್ಟರಲ್ಲಿ ಮೂರು ರೊಟ್ಟಿ ಆಗಿರುತ್ತಿದ್ದವು. ಹತ್ತು ನಿಮಿಷದ ದಾರಿಗೆ ಅರ್ಧ ತಾಸು ಯಾಕೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ರೊಟ್ಟಿಗೆ ಅಷ್ಟು ಹೊತ್ತು ಬೇಕಾಗಿತ್ತು, ಅದಕ್ಕೆ ಅದು ನನಗೆ ಬರೋಬ್ಬರಿ ಅನ್ನಿಸುತ್ತಿತ್ತು.

ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಪಕ್ಕದ ಮನೆಯಲ್ಲೇ ಇದ್ದಾಳೆ. ನಾನು ಫೋನ್ ಹಿಡಿದದ್ದು ಕಂಡರೆ ಅವಳಿಗೆ ನಗು.

"ಯಕ್ಕಾ, ಭಾವಗ ಮಾಡಿದ್ರ ಗ್ವಾಡಿ ಮ್ಯಾಗ ರಿಂಗಾಗತೈತಿ. ಮೋಟಾರಿನಾಕಿ ಮಾತ್ರ ಒಂದಽ ರಿಂಗಿಗೆ ಎತ್ತತಾಳ ನೋಡು. ಇಬ್ಬರೂ ಕೂಡೇ ಅದಾರೇನ ಮತ್ತ?"

"ಇರ್ಲಿ ಬಿಡ. ಆಕಿಗಿ ರೊಟ್ಟಿ ಬಡಿಯಾಕ ಬರಂಗಿಲ್ಲ. ಊಟಕ್ಕ ಇಲ್ಲೇ ಬರತಾರ."

ಆ ದಿನವೂ ಫೋನ್ ಮಾಡಿದೆ. ಬಂದ್ ಇದೆ ಎಂದು ಆಕೆ ಹೇಳಿದಳು. ಹಂಚು ಇಟ್ಟೆ. ಮೊದಲನೆಯ ರೊಟ್ಟಿ ಉಬ್ಬಿತು, ಎರಡನೆಯದೂ ಉಬ್ಬಿತು. ಮೂರನೆಯದನ್ನು ಬಟ್ಟೆಯಲ್ಲಿ ಸುತ್ತಿಟ್ಟೆ. ಒಂದು ತಾಸಾಯಿತು. ದಾರಿಯಲ್ಲಿ ಯಾರೋ ಮಾತಿಗೆ ಹಿಡಿದಿರಬೇಕು ಎಂದುಕೊಂಡು ಎಮ್ಮೆಗೆ ನೀರು ಕುಡಿಸಿದೆ. ಮತ್ತೆ ಮೋಟಾರಿಗೆ ಫೋನ್ ಮಾಡಿದೆ. ಬಂದ್ ಇದೆ. ಅಂದರೆ ಹೊರಟಿದ್ದಾರೆ. ಸಿಟ್ಟು ಬಂತೇ ಹೊರತು ಹೆದರಿಕೆ ಬರಲಿಲ್ಲ.

ಆ ದಾರಿಯಿಂದ ಬೈಕಿನ ಮೇಲೆ ಬರುತ್ತಿದ್ದ ಮೈದುನ ಅವರನ್ನು ಕಂಡ. ಬದುವಿನ ಮೇಲಿನ ಜಾಲಿ ಮರಕ್ಕೆ ಒರಗಿ ಕೂತಿದ್ದರಂತೆ. ಕೈಕಾಲು ತೊಳೆದುಕೊಂಡಿದ್ದರು. ಚಪ್ಪಲಿ ಪಕ್ಕದಲ್ಲಿ ಜೋಡಿಸಿಟ್ಟಿತ್ತು, ಸಲಿಕೆ ತೊಳೆದಿಟ್ಟಿತ್ತು. ಮೋಟಾರ್ ಬಂದ್ ಮಾಡಿದ್ದು ಅವರೇ. ಎಲ್ಲ ಕೆಲಸ ಮುಗಿಸಿಯೇ ಕೂತಿದ್ದರು.

ಎದೆಗೆ ಬಂದದ್ದು ಎಂದರು ಡಾಕ್ಟರರು. "ಲಗೂನ ತಂದಿದ್ರ ಉಳೀತಿದ್ರೇನ್ರಿ?" ಎಂದು ಮೈದುನ ಕೇಳಿದ. "ಹೇಳಾಕ ಬರಂಗಿಲ್ಲರಿ" ಅಂದರು. ಆ ಒಂದು ಮಾತನ್ನು ನನಗೆ ಇನ್ನೂ ಎತ್ತಿಡಲಾಗಿಲ್ಲ. ಇಲ್ಲ ಎಂದಿದ್ದರೆ ಅಳುತ್ತಿದ್ದೆ. ಹೌದು ಎಂದಿದ್ದರೆ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಈಗ ಎರಡನ್ನೂ ಪಾಳಿಯ ಮೇಲೆ ಮಾಡುತ್ತೇನೆ.

ದುಃಖಕ್ಕೆ ಬಂದವರೆಲ್ಲ ಒಂದೇ ಮಾತು ಹೇಳಿದರು. ಕಾಗವಾಡದಿಂದ ಬಂದ ಅವರ ಅಕ್ಕ, "ಫೋನ್ ಕಿಸೆದಾಗ ಇದ್ದಿದ್ರ ಒಂದ್ ಮಾತರ ಮಾಡತಿದ್ದ" ಅಂದರು. ಅವರು ಹಾಗೆ ಅನ್ನುವಾಗ ಫೋನ್ ನಮ್ಮೆಲ್ಲರ ತಲೆಯ ಮೇಲೆ ಗೂಟದಲ್ಲೇ ತೂಗುತ್ತಿತ್ತು. ಮಾಡುತ್ತಿದ್ದರೋ ಏನೋ. ಇನ್ನೊಂದು ಗಳಿಗೆಗೆ ಎದ್ದೇನು ಎಂದುಕೊಂಡೂ ಕೂತಿರಬಹುದು. ಅವರ ಸ್ವಭಾವ ಹಾಗೆಯೇ ಇತ್ತು.

ಮೋಟಾರಿನ ಪೆಟ್ಟಿಗೆಯಿಂದ ಅವರ ನಂಬರ್ ತೆಗೆಸೋಣ ಎಂದು ಮೈದುನ ಹೇಳಿದ. ಇರಲಿ ಎಂದೆ. ದಿನಾ ಫೋನ್ ಮಾಡುವ ಆಕೆಗೆ ಅವರು ಇಲ್ಲ ಎಂಬುದು ಗೊತ್ತಿಲ್ಲ. ಅದನ್ನು ಹೇಳಲು ಒತ್ತುವ ಗುಂಡಿಯೂ ಇಲ್ಲ.

ನನಗೆ ಒಬ್ಬಳೇ ಮಗಳು. ಮುಗಳಖೋಡಕ್ಕೆ ಕೊಟ್ಟಿದ್ದೇವೆ. ಅಪ್ಪ ಹೋದ ಮೇಲೆ ಅವಳು ದಿನಕ್ಕೆ ನಾಲ್ಕು ಸಲ ಫೋನ್ ಮಾಡತೊಡಗಿದಳು. ನೀರು ಹಾಯಿಸುವ ಕೆಲಸ ಈಗ ನನ್ನ ಮೇಲೆ ಬಿದ್ದಿದೆ. ಕೈ ಕೆಸರಾಗಿದ್ದರೂ ಎತ್ತಬೇಕು. "ಎಲ್ಲಿದ್ದಿ ಅವ್ವಾ?" "ಹೊಲದಾಗ." "ಏನ್ ಮಾಡಾಕತ್ತೀ?" ಅವರು ಹೇಳಿದ ಮಾತು ಆಗ ನೆನಪಾಗುತ್ತಿತ್ತು.

ಒಂದು ದಿನ ಮೋಟಾರ್ ಬಂದ್ ಮಾಡಿದೆ. ಒಮ್ಮೆಲೇ ಹೊಳೆಯ ಸಪ್ಪಳ ಕೇಳಿಸಿತು. ಅಷ್ಟು ಹೊತ್ತೂ ಅದು ಇತ್ತು, ಮೋಟಾರಿನ ಗದ್ದಲದಲ್ಲಿ ಕೇಳಿರಲಿಲ್ಲ. ಕಬ್ಬಿನ ಸಾಲಿನಲ್ಲಿ ಉಳಿದ ನೀರು ಇಂಗುವ ಸಪ್ಪಳವೂ ಕೇಳಿಸಿತು. ಕೈಕಾಲು ತೊಳೆದುಕೊಂಡು, ಫೋನಿನ ದನಿ ಬಂದ್ ಮಾಡಿ ಬುಟ್ಟಿಯಲ್ಲಿ ಹಾಕಿ, ಜಾಲಿ ಮರಕ್ಕೆ ಒರಗಿದೆ. ಮರದ ಬುಡ ಅಲ್ಲಿ ನುಣ್ಣಗಾಗಿತ್ತು. ಒಂದು ದಿನ ಒರಗಿದರೆ ತೊಗಟೆ ಹಾಗೆ ಸವೆಯುವುದಿಲ್ಲ. ಅರ್ಧ ತಾಸಿನ ಲೆಕ್ಕ ಅಲ್ಲಿ ಸಿಕ್ಕಿತು. ನಾನು ರೊಟ್ಟಿ ಬಡಿಯುವಾಗಲೆಲ್ಲ ಅವರು ದಿನಾ ಇಲ್ಲಿ ಕೂತಿದ್ದರು.

ಏನು ಯೋಚಿಸುತ್ತಿದ್ದರೋ ನನಗೆ ಗೊತ್ತಿಲ್ಲ. ಇನ್ನು ಕೇಳುವ ದಾರಿಯೂ ಇಲ್ಲ.

ಎಷ್ಟು ಹೊತ್ತು ಕೂತೆನೋ. "ವೈನಿ" ಎಂದು ಯಾರೋ ಮೆಲ್ಲಗೆ ಕರೆದರು. ತಿರುಗಿ ನೋಡಿದರೆ ಮೈದುನ. ಬೈಕನ್ನು ದೂರದಲ್ಲೇ ಬಿಟ್ಟು, ಹತ್ತಿರ ಬರಲಾರದೆ ನಿಂತಿದ್ದ. ನಾನು ತಿರುಗಿದ್ದು ಕಂಡ ಮೇಲೆ ಹತ್ತಿರ ಬಂದ.

"ನಿಮ್ಮ ಮಗಳು ಎಷ್ಟ್ ಸಲ ಮಾಡ್ಯಾಳ್ರಿ ನಿಮಗ. ಕಡೀಕ ನನಗ ಮಾಡಿದ್ಲು. ಎತ್ತಾಕ ಏನಾಗಿತ್ತು?"

"ಸುಮ್ಮ ಕುಂತಿದ್ನಪಾ."

"ಅಣ್ಣನ್ನ ಇಲ್ಲೇ ಕಂಡವ ನಾ. ಇನ್ನೊಮ್ಮಿ ಹಿಂಗ ಈ ದಾರಿಗಿ ಬರಾಕ ನನ್ನ ಕಡಿಂದ ಆಗಂಗಿಲ್ಲ, ವೈನಿ."

ಮನುಷ್ಯ ಯಾವಾಗಲೂ ಫೋನಿಗೆ ಸಿಗಬೇಕೇ ಎಂದು ಅದಕ್ಕೆ ಮುಂಚೆ ಯಾರಾದರೂ ಕೇಳಿದ್ದರೆ, ಅವರ ಹಾಗೆಯೇ ಬೇಡ ಎನ್ನುತ್ತಿದ್ದೆ. ಆದರೆ ನಾನು ಸಿಗದೇ ಇದ್ದ ಆ ಹೊತ್ತನ್ನು ಅವನು ಬೈಕಿನ ಮೇಲೆ ಹೇಗೆ ಕಳೆದ ಎಂಬುದು ಅವನ ಮುಖದ ಮೇಲೆ ಕಂಡಿತು.

ಮರುದಿನವೇ ಮಗಳು ಬಸ್ ಹಿಡಿದು ಬಂದಳು. ಚೀಲ ಇಳಿಸುವ ಮೊದಲೇ ಶುರು ಮಾಡಿದಳು.

"ಅಪ್ಪಂದಽ ಚಾಳಿ ನಿನಗೂ ಹತ್ತೇತಿ."

"ಹತ್ತಲಿ ಬಿಡ."

"ಹತ್ತಲಿ ಅಂತಿ. ನಾ ಅಲ್ಲಿ ಸಾಯಬೇಕೇನ?"

ಅವಳನ್ನು ಹೊಲಕ್ಕೆ ಕರೆದೊಯ್ದೆ. ಮರದ ನುಣ್ಣನೆಯ ಬುಡ ತೋರಿಸಿದೆ. ಅವಳು ಅದರ ಮೇಲೆ ಕೈಯಾಡಿಸಿದಳು. ಆಮೇಲೆ ಅದಕ್ಕೆ ಬೆನ್ನು ಹಚ್ಚಿ ಕೂತಳು. ನಾನು ಪಕ್ಕದಲ್ಲಿ ಕೂತೆ.

"ಎಷ್ಟೊತ್ತು ಕೂಡತೀ?" ಎಂದು ಕೇಳಿದಳು.

"ಅರ್ಧ ತಾಸು."

"ಕೂಡೂಕಿಂತ ಮದಲ ನನಗ ಹೇಳು. ಆ ಅರ್ಧ ತಾಸು ನಾ ಮಾಡಂಗಿಲ್ಲ. ಎದ್ದ ಮ್ಯಾಲ ನೀನಽ ಮಾಡಬೇಕು. ಮಾಡಲಿಲ್ಲಂದ್ರ ಕಾಕಾನ್ನ ಕಳಸತೀನಿ."

"ಬ್ಯಾಡ. ಅವನ್ನ ಕಳಸಬ್ಯಾಡ. ನಾ ಮಾಡತೀನಿ."

ಅವಳು ಊರಿಗೆ ಹೋದ ಮರುದಿನ ಮೋಟಾರ್ ಬಂದ್ ಮಾಡಿ ಅವಳಿಗೆ ಹೇಳಿ ಕೂತೆ. ಈ ಸಲ ಫೋನಿನ ದನಿ ಬಂದ್ ಮಾಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡೆ. ಅದು ರಿಂಗಾಗಲಿಲ್ಲ. ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಿದ್ದಳು. ಹೊಳೆಯ ಸಪ್ಪಳ ಅಷ್ಟೇ ಇತ್ತು. ನಾನೇ ಕೇಳಿ ಪಡೆದ ಅರ್ಧ ತಾಸು ಅದು, ಆದರೂ ನಡುವೆ ಎರಡು ಸಲ ಫೋನ್ ಎತ್ತಿ ನೋಡಿದೆ. ಮನೆಯಲ್ಲಿ ಯಾರೂ ಹಂಚು ಇಟ್ಟಿರಲಿಲ್ಲ. ಅವರು ಕೂತಾಗ ಊರೊಳಗೆ ಅವರಿಗಾಗಿ ರೊಟ್ಟಿ ಆಗುತ್ತಿತ್ತು. ಅದು ಗೊತ್ತಿದ್ದೇ ಅವರಿಗೆ ಅಷ್ಟು ನಿಶ್ಚಿಂತೆಯಿಂದ ಕೂರಲು ಆಗುತ್ತಿತ್ತೇನೋ.

ಬಿಸಿಲು ಕಾಲಿನ ಮೇಲೆ ಬಂದಾಗ ಎದ್ದು ಫೋನ್ ಮಾಡಿದೆ. ಮೊದಲ ರಿಂಗ್ ಪೂರ್ತಿ ಆಗುವ ಮೊದಲೇ ಎತ್ತಿದಳು. ಎಲ್ಲಿದ್ದಿ ಎಂದು ಕೇಳಲಿಲ್ಲ, ಏನು ಮಾಡಾಕತ್ತೀ ಎಂದೂ ಕೇಳಲಿಲ್ಲ.

"ಎದ್ಯಾ?" ಅಂದಳು.

"ಎದ್ದೆ" ಅಂದೆ.